ಎದ್ದರೆ ಜೊತೆಗೇ ಏಳುವ ಸೋಫಾ

ನಮ್ಮ ಮನೆಯ ಸೋಫಾ ಈಗ ಅಂಗಿ ಹಾಕಿಕೊಂಡಿದೆ. ಹೋದ ತಿಂಗಳು ಬದಿಯಡ್ಕಕ್ಕೆ ಪಾರ್ಸೆಲ್ ಬಂದು, ನಾನೇ ಹೋಗಿ ಹೊತ್ತು ತಂದದ್ದು. ಹೊತ್ತದ್ದು ಎಂದರೆ ಹೆಚ್ಚಾಯಿತು, ಕಂಕುಳಲ್ಲಿ ಇಟ್ಟುಕೊಂಡು ತಂದೆ. ಮೂರು ಜನ ಕೂರುವ ಸೋಫಾವನ್ನು ಪೂರ್ತಿ ಮುಚ್ಚಬೇಕಾದ ಬಟ್ಟೆ, ಬಿಡಿಸಿದರೆ ಎರಡು ಬೈರಾಸಿನಷ್ಟೂ ಇಲ್ಲ. "ಎಳೆದರೆ ಬರ್ತದೆ" ಎಂದಳು ಹೆಂಡತಿ. ಬಂತು. ದನಕ್ಕೆ ಮದ್ದು ಕುಡಿಸುವಾಗಿನಂತೆ ಒಬ್ಬರು ಆ ತುದಿ ಒಬ್ಬರು ಈ ತುದಿ ಹಿಡಿದು, ನಡುವೆ ನಾಲ್ಕು ಮಾತು ಬೈದುಕೊಂಡು ಹಾಕಿ ಮುಗಿಸಿದೆವು.

ಅಂದಿನಿಂದ ನನಗೆ ಕೂರುವುದೂ ಒಂದು ಕೆಲಸ. ಒರಗಿದರೆ ಬೆನ್ನಿನ ಬಟ್ಟೆ ಕೆಳಗೆ ಇಳಿಯುತ್ತದೆ. ಎದ್ದರೆ, ಮದುವೆಮನೆಯಲ್ಲಿ "ಉಂಡೇ ಹೋಗಬೇಕು" ಎಂದು ಹಿಡಿದುಕೊಳ್ಳುವ ಭಾವನಂತೆ, ಸೀಟಿನ ಬಟ್ಟೆ ನನ್ನ ಜೊತೆಗೇ ಎದ್ದು ಬರುತ್ತದೆ. ಪ್ರತಿ ಸಲವೂ ಬಗ್ಗಿ, ಸಂದಿಗೆ ಕೈ ಹಾಕಿ ಸಿಕ್ಕಿಸಬೇಕು. ಸಿಕ್ಕಿಸದೆ ಹೋದರೆ ಅಡುಗೆಮನೆಯಲ್ಲಿದ್ದವಳಿಗೆ ಅದು ಹೇಗೋ ಗೊತ್ತಾಗುತ್ತದೆ. 'ಎಲ್ಲ ಅಳತೆಯ ಸೋಫಾಗಳಿಗೂ ಸರಿಹೊಂದುತ್ತದೆ' ಎಂದು ಪೊಟ್ಟಣದ ಮೇಲೆ ಬರೆದದ್ದು. ಎಲ್ಲರಿಗೂ ಸರಿಹೊಂದುವವರನ್ನು ನಾನು ಮೊದಲಿಂದಲೂ ನಂಬುವುದಿಲ್ಲ.

ಇದನ್ನು ತಮ್ಮನ ಮಗಳ ಹತ್ತಿರ ಹೇಳಿದ್ದು ನನ್ನ ತಪ್ಪು. ಅವಳು ಬೆಂಗಳೂರಿನಲ್ಲಿ ಓದುತ್ತಿರುವುದೇ ಹೆಣಿಗೆ ಬಟ್ಟೆಯ ವಿನ್ಯಾಸ.

"ದೊಡ್ಡಪ್ಪ, ಇದು ನೇಯ್ದದ್ದಲ್ಲ, ಹೆಣೆದದ್ದು. ನೇಯ್ಗೆಯಲ್ಲಿ ಹಾಸು ಹೊಕ್ಕು ಎರಡೂ ನೆಟ್ಟಗೆ ಹೋಗ್ತವೆ. ಇದರಲ್ಲಿ ಬರೀ ಕುಣಿಕೆ. ಎಳೆದರೆ ಕುಣಿಕೆ ಉದ್ದ ಆಗ್ತದೆ, ಬಿಟ್ಟರೆ ಪುನಃ ಗುಂಡಗೆ."

ನಮ್ಮಲ್ಲಿ ಹೆಣೆಯುವುದು ಎಂದರೆ ಮಡಲು. ಮಳೆಗಾಲಕ್ಕೆ ಮೊದಲು ಅಂಗಳದಲ್ಲಿ ಕೂತು ತೆಂಗಿನ ಮಡಲು ಹೆಣೆದು ದನದ ಹಟ್ಟಿಗೆ ಹೊದೆಸುತ್ತಿದ್ದರು. ಅದನ್ನು ಯಾರೂ ಎಳೆದು ನೋಡುತ್ತಿರಲಿಲ್ಲ. "ತಿರುಪ್ಪೂರಿನಿಂದ ಬರುವ ನನ್ನ ಬನಿಯನೂ ಹೆಣೆದದ್ದೇ ಅಲ್ವಾ? ಅದು ಉದ್ದ ಆಗ್ತದೆ, ಪುನಃ ಗುಂಡಗೆ ಆಗುವುದು ನಾನು ಕಂಡಿಲ್ಲ" ಎಂದೆ. ಅದಕ್ಕೂ ಅವಳಲ್ಲಿ ಉತ್ತರ ಇತ್ತು. ಸೋಫಾದ ಅಂಗಿಯಲ್ಲಿ ಸ್ಪ್ಯಾಂಡೆಕ್ಸ್ ಉಂಟಂತೆ, ಐದು ಪಟ್ಟು ಎಳೆದರೂ ಹಿಂದೆ ಬರುವ ನೂಲು. 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ ಎಂಬ ರಸಾಯನಶಾಸ್ತ್ರಜ್ಞ ಕಂಡುಹಿಡಿದದ್ದು. ಯಾಕೆ? ಹೆಂಗಸರು ಸೊಂಟ ಸಪೂರ ಕಾಣಲೆಂದು ಒಳಗೆ ಬಿಗಿದುಕೊಳ್ಳುವ ಉಡುಪಿನಲ್ಲಿದ್ದ ರಬ್ಬರಿನ ಬದಲಿಗೆ. ಅಂದರೆ ನಾನೀಗ ದಿನಾ ಪೇಪರ್ ಓದುವುದು ಎಂಥದರ ಮೇಲೆ ಕೂತು ಎಂದು ಯೋಚಿಸಿ, ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಅವಳು ಈಗ ಕುರ್ಚಿಗೊಂದು ಬಟ್ಟೆ ಹೆಣೆಯುತ್ತಿದ್ದಾಳೆ. ಕತ್ತರಿಸುವುದಿಲ್ಲ, ಹೊಲಿಯುವುದಿಲ್ಲ, ಸೊಂಟದ ಹತ್ತಿರ ಬಿಗಿ, ಭುಜದ ಹತ್ತಿರ ಸಡಿಲ, ಎಲ್ಲ ಒಂದೇ ತುಂಡಿನಲ್ಲಿ. 2012ರಿಂದ ನೈಕಿಯವರು ಶೂಗಳ ಮೇಲ್ಭಾಗವನ್ನೇ ಹೀಗೆ ಹೆಣೆದು ಮಾರುತ್ತಿದ್ದಾರೆ ಎಂದು ಫೋಟೋ ತೋರಿಸಿದಳು. ಆಮೇಲೆ ಚೀಲದಿಂದ ಒಂದು ಹಾಳೆ ತೆಗೆದಳು. ಅದರಲ್ಲಿ ಮನುಷ್ಯನ ರೂಪ, ಮುಂದಿನಿಂದ ಒಂದು, ಹಿಂದಿನಿಂದ ಒಂದು. ಜೊತೆಗೆ ಎರಡು ಬಣ್ಣದ ಪೆನ್ಸಿಲ್. "ಕೂತಾಗ ಎಲ್ಲಿ ಆರಾಮ ಅನ್ನಿಸ್ತದೋ ಅಲ್ಲಿ ಹಸಿರು, ಎಲ್ಲಿ ಇಲ್ಲವೋ ಅಲ್ಲಿ ಕೆಂಪು. ಅಷ್ಟೇ ದೊಡ್ಡಪ್ಪ."

ಆರಾಮ ಎಂದರೆ ನನಗೆ ನೆನಪಾಗುವುದು ಒಂದೇ, ಅಜ್ಜನ ಆರಾಮ ಕುರ್ಚಿ. ಜಗಲಿಯ ಮೂಲೆಯಲ್ಲಿತ್ತು. ಉದ್ದ ಕೈಗಳ ಹಲಸಿನ ಮರದ ಚೌಕಟ್ಟು, ನಡುವೆ ಜೋತುಬಿದ್ದ ಕ್ಯಾನ್ವಾಸ್ ಬಟ್ಟೆ. ಬಟ್ಟೆಯ ಮೇಲಿನ ಮಡಿಕೆಗೊಂದು, ಕೆಳಗಿನ ಮಡಿಕೆಗೊಂದು ಕೋಲು. ಮೇಲಿನ ಕೋಲನ್ನು ಎಳೆದು, ಬಟ್ಟೆಯನ್ನು ಹಾಗೆಯೇ ಮಡಚಿ ಇಟ್ಟರೆ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಇದನ್ನು ನಾನು ಹತ್ತನೆಯ ವಯಸ್ಸಿನಲ್ಲಿ ಕಂಡುಹಿಡಿದೆ. ಶಿವರ್ಸನಿಗೆ ಸಿಕ್ಕಿದ ಹೆಸರು ನನಗೆ ಸಿಕ್ಕಲಿಲ್ಲ.

ಆ ದಿನ ರಾತ್ರಿ ನಮ್ಮಲ್ಲಿ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಪಾತ್ರದ ಮಾತನ್ನು, ಅರ್ಥವನ್ನು, ಹೇಳುವ ಯಕ್ಷಗಾನ. ಗದಾಯುದ್ಧ ಪ್ರಸಂಗ. ಕೌರವನ ಅರ್ಥ ಹೇಳುವವರು ಸಂಜೆಗೇ ಬಂದರು. ದೊಡ್ಡ ಆಳು, ದೊಡ್ಡ ಸ್ವರ. ಮಕ್ಕಳು ಮೊಮ್ಮಕ್ಕಳೆಲ್ಲ ಇಲ್ಲೇ ಆಚೀಚೆ ಇರುವುದರಿಂದ ಹೆಸರು ಬೇಡ. ನಾನು ಕೋಲು ಎಳೆದದ್ದು ನಿಜವಾಗಿ ಚಿಕ್ಕಪ್ಪನಿಗಾಗಿ. ಆದರೆ ಕಾಫಿ ಕುಡಿದ ಅವರು "ರಾತ್ರಿ ಕೂರ್ಲಿಕ್ಕುಂಟಲ್ಲ, ಸ್ವಲ್ಪ ಒರಗ್ತೇನೆ" ಎಂದು ನೇರ ಆರಾಮ ಕುರ್ಚಿಗೇ ಹೋದರು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕೌರವ ನೆಲದಲ್ಲಿದ್ದ.

ಮನೆಯಿಡೀ ಜಗಲಿಗೆ ಓಡಿ ಬಂತು. ಆ ಗಲಾಟೆಯಲ್ಲಿ ನಾನು ಹಟ್ಟಿಗೆ ಓಡಿ, ಅಲ್ಲಿ ಅಡಗಿಸಿದ್ದ ಕೋಲನ್ನು ತಂದು ಕುರ್ಚಿಯ ಅಡಿಗೆ ಉರುಳಿಸಿದೆ. "ಕೋಲು ಜಾರಿದ್ದು" ಎಂದು ಅಜ್ಜ ತೀರ್ಪು ಕೊಟ್ಟರು. ಅಜ್ಜಿ ಎಣ್ಣೆ ಬಿಸಿ ಮಾಡಿದರು.

ರಾತ್ರಿ ಅವರು ಎರಡು ತಲೆದಿಂಬು ಕೇಳಿ ಕೂತರು. ಭಾಗವತರು ಪದ ಎತ್ತಿದರು, ಭೀಮ ತೊಡೆಗೆ ಹೊಡೆದ, ಅಲ್ಲಿಂದ ಸುರುವಾಯಿತು. ಗದಾಯುದ್ಧದಲ್ಲಿ ನಾಭಿಯ ಕೆಳಗೆ ಹೊಡೆಯಬಾರದು ಎಂಬ ನಿಯಮದ ಮೇಲೆ ಒಂದು ಗಂಟೆಗೂ ಹೆಚ್ಚು ಮಾತಾಡಿದರು. ಎದುರಿಗಿಲ್ಲದ ಶತ್ರು, ಕಾಣದ ಕೈ, ಹಿಂದಿನಿಂದ ಮಾಡುವ ಮೋಸ, ಒಂದೂ ಬಿಡಲಿಲ್ಲ. ನಡುನಡುವೆ ಮಗ್ಗುಲು ಬದಲಿಸುವಾಗ "ಅಯ್ಯಮ್ಮಾ" ಎಂದದ್ದಕ್ಕೆ ಸಭೆಯಲ್ಲಿ ಹೆಂಗಸರು ಕಣ್ಣೊರೆಸಿಕೊಂಡರು. ಕೃಷ್ಣನ ಅರ್ಥದ ಮಾಸ್ತರರು ಎರಡು ಸಲ ಗಂಟಲು ಸರಿಮಾಡಿಕೊಂಡು ಸುಮ್ಮನಾದರು. ಹಾಗೆ ಅರ್ಥ ಹೇಳಿದ್ದು ಅವರ ಜನ್ಮದಲ್ಲೇ ಇಲ್ಲವೆಂದು ಊರೆಲ್ಲ ಮಾತಾಯಿತು.

ಬೆಳಿಗ್ಗೆ ಅವರು ನಿಂತುಕೊಂಡೇ ಕಾಫಿ ಕುಡಿಯುತ್ತಿದ್ದರು. ಕೈಯಲ್ಲಿ ಆ ಕೋಲು. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ಮಾಣೀ, ಜಗಲಿಯಲ್ಲಿ ಜಾರಿದ ಕೋಲಿಗೆ ಸೆಗಣಿ ಎಲ್ಲಿಂದ ಬಂತು?"

ಅಜ್ಜನಿಗೆ ಅವರು ಹೇಳಲಿಲ್ಲ. ಅದನ್ನು ಯೋಚಿಸಿದರೆ ಈಗಲೂ ಕುತ್ತಿಗೆ ಬಿಸಿಯಾಗುತ್ತದೆ.

ಹಾಳೆಯ ವಿಷಯ ಅಲ್ಲೇ ಉಳಿಯಿತು. ಹಸಿರು ಪೆನ್ಸಿಲ್ ಹಿಡಿದು ನಾಲ್ಕು ದಿನ ಸೋಫಾದಲ್ಲಿ ಕೂತು ನೋಡಿದೆ. ಕೆಂಪಿಗೆ ಜಾಗ ಬೇಕಾದಷ್ಟು ಸಿಕ್ಕಿತು: ಸೊಂಟ, ಮೊಣಕಾಲು, ಜೂನ್ ತಿಂಗಳ ಸೆಕೆಗೆ ಈ ಪಾಲಿಯೆಸ್ಟರ್ ಅಂಟಿಕೊಳ್ಳುವ ತೊಡೆಯ ಹಿಂಬದಿ. ಹೊರಗೆ ಜಡಿಮಳೆ, ಬಟ್ಟೆ ಒಣಗುವುದಿಲ್ಲ, ಒಳಗೆ ಸೋಫಾ ಬೆವರುತ್ತದೆ. ಇಂಥದನ್ನು ವಿನ್ಯಾಸ ಮಾಡುವವರನ್ನು ಆಟಿ ತಿಂಗಳಲ್ಲಿ ಕುಂಬಳೆಯಲ್ಲಿ ಹದಿನೈದು ದಿನ ಕೂರಿಸಬೇಕು, ಫ್ಯಾನ್ ಇಲ್ಲದೆ. ಹಸಿರಿಗೆ ಮಾತ್ರ ಎಲ್ಲೂ ಜಾಗ ಸಿಗಲಿಲ್ಲ. ಆರಾಮ ಇರುವ ಕಡೆ ಮೈ ಇದೆಯೆಂದೇ ನೆನಪಾಗುವುದಿಲ್ಲ. ಗುರುತು ಎಲ್ಲಿ ಹಾಕುವುದು? ಇದನ್ನು ಅವಳಿಗೆ ಫೋನಿನಲ್ಲಿ ಹೇಳಿದರೆ, "ಅದನ್ನೇ ಬರೆದು ಕೊಡಿ ದೊಡ್ಡಪ್ಪ, ಚಂದ ಉಂಟು" ಎಂದಳು. ಚಂದ ಉಂಟು ಎಂದ ಮೇಲೆ ಬರೆಯುವ ಮನಸ್ಸೇ ಹೋಯಿತು.

ಮಾತು ತಪ್ಪಿಸಲು ಅವಳೇ ಇನ್ನೊಂದು ಕಥೆ ತೆಗೆದಳು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬ ಪಾದ್ರಿ ಕಾಲುಚೀಲ ಹೆಣೆಯುವ ಯಂತ್ರ ಮಾಡಿದನಂತೆ. ಕೈಯಲ್ಲಿ ಹೆಣೆಯುವ ಬಡವರ ಹೊಟ್ಟೆಗೆ ಹೊಡೆತ ಎಂದು ಎಲಿಜಬೆತ್ ರಾಣಿ ಪೇಟೆಂಟ್ ಕೊಡಲಿಲ್ಲವಂತೆ. ಒಳ್ಳೆಯ ಹೆಂಗಸು. ಅವಳ ಮಾತು ನಡೆದಿದ್ದರೆ ನನ್ನ ಸೋಫಾ ಇವತ್ತಿಗೂ ಬರಿಮೈಯಲ್ಲಿ ಇರುತ್ತಿತ್ತು.

ಬರುವ ಶನಿವಾರ ಅವಳು ಹಾಳೆ ತೆಗೆದುಕೊಂಡು ಹೋಗಲು ಬರುತ್ತಾಳೆ. ಹುಡುಕಿದರೆ ಫ್ರಿಜ್ಜಿನ ಮೇಲೆ ಸಿಕ್ಕಿತು. ಹಿಂಬದಿಯಿಂದ ಕಾಣುವ ಮನುಷ್ಯನ ಬೆನ್ನಿನ ಮೇಲೆ ಹೆಂಡತಿ ತೆಂಗಿನಕಾಯಿ ತೆಗೆಯುವವನ ಲೆಕ್ಕ ಬರೆದಿಟ್ಟಿದ್ದಾಳೆ, ಹಸಿರು ಪೆನ್ಸಿಲಿನಲ್ಲಿ.