ಸ್ಪಷ್ಟನೆ: 30 ಪಟ್ಟು ಆದಾಯ ಅಂದರೆ 30 ಪಟ್ಟು ಬದುಕಲ್ಲ

‘ಅಮೆರಿಕದ ತಲಾ ಆದಾಯ ನಮ್ಮ 30 ಪಟ್ಟು, ಅಲ್ಲಿನ ಬದುಕೂ 30 ಪಟ್ಟು ಚೆನ್ನ’ ಎಂಬ ಸಂದೇಶ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಮೊದಲ ಮಾತು ಹೆಚ್ಚುಕಡಿಮೆ ಸರಿ, ಎರಡನೆಯದು ತಪ್ಪು.

ಆ ಲೆಕ್ಕ ಡಾಲರ್ ವಿನಿಮಯ ದರದ್ದು. ಇಲ್ಲಿ ನೂರು ರೂಪಾಯಿಯೊಳಗೆ ಮುಗಿಯುವ ಕ್ಷೌರಕ್ಕೆ ಅಲ್ಲಿ ಸಾವಿರದ ಮೇಲೆ ಕೊಡಬೇಕು. ಕೊಳ್ಳುವ ಶಕ್ತಿ ನೋಡಿ ಅಳೆದರೆ ಅಂತರ ಸುಮಾರು 8 ಪಟ್ಟಿಗೆ ಇಳಿಯುತ್ತದೆ. ಸರಾಸರಿ ಆಯಸ್ಸು ಅಲ್ಲಿ ಸುಮಾರು 78, ಇಲ್ಲಿ 72. ವಿಶ್ವಸಂಸ್ಥೆ 1990ರಿಂದ ಆದಾಯದ ಜೊತೆಗೆ ಆಯಸ್ಸು, ಶಿಕ್ಷಣವನ್ನೂ ಸೇರಿಸಿ ಮಾನವ ಅಭಿವೃದ್ಧಿ ಸೂಚ್ಯಂಕ ಕೊಡುತ್ತಿರುವುದು ಇದಕ್ಕೇ.

ಹಾಗಂತ ‘ನಮ್ಮೂರೇ ಸ್ವರ್ಗ, ದುಡ್ಡಿಗೇನು ಬೆಲೆ’ ಎಂದು ಕೆಲವರು ಬರೆದ ಉತ್ತರವನ್ನೂ ನಾನು ಒಪ್ಪಲಾರೆ. ಹುಟ್ಟಿದ 1000 ಶಿಶುಗಳಲ್ಲಿ ವರ್ಷ ತುಂಬುವುದರೊಳಗೆ ಸಾಯುವವು ಅಲ್ಲಿ 5–6, ಇಲ್ಲಿ ಸುಮಾರು 25. ಈ ಅಂತರ ನಿಜವಾದದ್ದು. ಆಷಾಢದ ಮಳೆಗೆ ಹಳ್ಳ ದಾಟುವ ಸಂಕ (ಕಾಲುಸೇತುವೆ) ಮುಳುಗಿದಾಗ, ಹೆರಿಗೆ ನೋವು ತಿನ್ನುತ್ತಿದ್ದ ನಮ್ಮ ಪಕ್ಕದ ಮನೆಯ ಹೆಂಗಸನ್ನು ಕಂಬಳಿ ಜೋಲಿಯಲ್ಲಿ ಹೊತ್ತವರಲ್ಲಿ ನಾನೂ ಒಬ್ಬ. ಟಾರು ರಸ್ತೆ ಮುಟ್ಟಲು ಎರಡು ತಾಸು ಹಿಡಿಯಿತು.