ಪುಟ ಕೆಟ್ಟಾಗ ಏನು ಮಾಡ್ತೀಯಪ್ಪಾ?

ನಮ್ಮ ದಾವಣಗೆರೆಯ ವಿದ್ಯಾನಗರದ ಲೈಟ್ ಕಂಬಗಳಿಗೆ ಈ ವಾರ ಹೊಸ ಪೋಸ್ಟರ್ ಬಿದ್ದಿದೆ. "45 ದಿನದಲ್ಲಿ ವೆಬ್ ಡಿಸೈನರ್ ಆಗಿ. ಕೋಡಿಂಗ್ ಬೇಕಿಲ್ಲ. ಕೆಲಸ ಗ್ಯಾರಂಟಿ." ನಾನು ವೆಬ್‌ಸೈಟ್ ಕಟ್ಟೋ ಕೆಲಸದಲ್ಲಿದ್ದೀನಿ ಅಂತ ಇಲ್ಲಿರೋ ಗೆಳೆಯರಿಗೆ ಗೊತ್ತು. ಇಂಥ ಪೋಸ್ಟರ್ ಕಂಡರೆ ನನಗೆ ಏನಾಗುತ್ತೆ ಅನ್ನೋದೂ ಗೊತ್ತು. ಆದರೂ ಸುಮ್ಮನಿರುತ್ತಿದ್ದೆ. ನಿನ್ನೆ ಸಂಜೆ ಅಂಥದ್ದೇ ಕೋರ್ಸ್ ಮುಗಿಸಿದ ಹುಡುಗನೊಬ್ಬ, ಬೆಣ್ಣೆದೋಸೆ ಹೋಟೆಲೊಂದಕ್ಕೆ ತಾನು ಮಾಡಿದ ವೆಬ್‌ಸೈಟ್ ತೋರಿಸಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಪುಟ ಲಕ್ಷಣವಾಗಿತ್ತು. ಫೋನಿನಲ್ಲಿ ತೆರೆದರೆ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಮೇಲಿನ ದೊಡ್ಡ ಹೆಸರಿನಲ್ಲಿ 'ಬೆಣ್ಣೆ'ಯ ಒತ್ತಕ್ಷರ ಅರ್ಧಕ್ಕೇ ಕತ್ತರಿಸಿಹೋಗಿದೆ. ದರಪಟ್ಟಿಯ ಜಾಗದಲ್ಲಿ ಗೋಡೆಯ ಬೋರ್ಡಿನ ಫೋಟೊ. "ಯಾಕಪ್ಪಾ ಹಿಂಗೆ?" ಅಂದರೆ, "ಗೊತ್ತಿಲ್ಲ ಸರ್, ಥೀಮಲ್ಲೇ ಹಂಗೆ ಬರುತ್ತೆ" ಅಂದ. ಥೀಮ್ ಅಂದರೆ ಬೇರೆಯವರು ಮಾಡಿಟ್ಟ ಸಿದ್ಧ ಪುಟವಿನ್ಯಾಸ. ಹುಡುಗನ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಫೀಸು ಕಟ್ಟಿದ್ದಾನೆ, ತಪ್ಪದೆ ಕ್ಲಾಸಿಗೆ ಹೋಗಿದ್ದಾನೆ, ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾನೆ. ಪುಟ ಕೆಟ್ಟಾಗ ಏನು ಮಾಡಬೇಕು ಅನ್ನೋದನ್ನು ಮಾತ್ರ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ನನ್ನ ತಕರಾರು ಇದೊಂದೇ. ಸಿದ್ಧ ತುಣುಕುಗಳನ್ನು ಪುಟಕ್ಕೆ ಎಳೆದು ಬಿಡೋದು, ಬಣ್ಣ ಬದಲಿಸೋದು, ಪಬ್ಲಿಶ್ ಗುಂಡಿ ಒತ್ತೋದು ಇವನ್ನು ಕಲಿಸಿ, ಕೆಟ್ಟದ್ದರ ಕಾರಣ ಹುಡುಕುವ ವಿದ್ಯೆಯನ್ನು ಬಿಟ್ಟುಬಿಡುತ್ತಾರೆ. ಆ ವಿದ್ಯೆಗೇ ಸಂಬಳ ಕೊಡೋದು.

ಅವನ ಪುಟವನ್ನೇ ತಗೊಳ್ಳಿ. ಓಲಾಡೋದು ಯಾಕೆ? ಸಾಮಾನ್ಯ ಆಂಡ್ರಾಯ್ಡ್ ಫೋನಿನ ಅಗಲ ಸಿಎಸ್‌ಎಸ್ (ಪುಟದ ಅಂದ, ಅಳತೆ ಹೇಳುವ ಭಾಷೆ) ಲೆಕ್ಕದಲ್ಲಿ ಸುಮಾರು 360 ಪಿಕ್ಸೆಲ್. ಪುಟದ ಒಂದು ಭಾಗಕ್ಕೆ, ಅಂದರೆ ಒಂದು ಡಬ್ಬಿಗೆ, ಅಗಲ ಶೇ 100 ಅಂತ ಕೊಟ್ಟು, ಎರಡೂ ಪಕ್ಕ 20 ಪಿಕ್ಸೆಲ್ ಪ್ಯಾಡಿಂಗ್ (ಅಂಚಿನ ಒಳಗಿನ ಖಾಲಿ ಜಾಗ) ಹಾಕಿದರೆ ಒಟ್ಟು 400 ಆಗುತ್ತದೆ. ಪರದೆಯಿಂದ 40 ಪಿಕ್ಸೆಲ್ ಹೊರಗೆ ಚಾಚುತ್ತದೆ, ಅದಕ್ಕೇ ಪುಟ ಪಕ್ಕಕ್ಕೆ ಜಾರೋದು. ಬಾಕ್ಸ್-ಸೈಜಿಂಗ್ ಅನ್ನೋ ಅಳತೆಯ ನಿಯಮವನ್ನು ಬಾರ್ಡರ್-ಬಾಕ್ಸ್ ಅಂತ ಬದಲಿಸಿದರೆ ಪ್ಯಾಡಿಂಗ್ ಅಗಲದ ಒಳಗೇ ಸೇರಿಕೊಳ್ಳುತ್ತದೆ. ಯಾವ ಡಬ್ಬಿ ಹೊರಗೆ ಚಾಚಿದೆ ಅಂತ ತಿಳಿಯದಿದ್ದರೆ ಎಲ್ಲ ಡಬ್ಬಿಗೂ ಕೆಂಪು ಔಟ್‌ಲೈನ್ ಹಾಕಿ ನೋಡಬೇಕು. ಬಾರ್ಡರ್ ಹಾಕಬಾರದು, ಅದು ತಾನೇ ಜಾಗ ತಿಂದು ಅಳತೆ ಕೆಡಿಸುತ್ತದೆ. ಔಟ್‌ಲೈನ್ ಜಾಗ ತಿನ್ನೋದಿಲ್ಲ, ತಪ್ಪಿತಸ್ಥ ಡಬ್ಬಿ ಕೆಂಪು ಗೆರೆಯ ಸಮೇತ ಹೊರಗೆ ನಿಂತಿರುತ್ತದೆ. ಎರಡು ನಿಮಿಷದ ಕೆಲಸ. 45 ದಿನದಲ್ಲಿ ಈ ಎರಡು ನಿಮಿಷ ಸಿಗಲಿಲ್ಲವಾ?

ಒತ್ತಕ್ಷರದ್ದು ಇನ್ನೂ ಹೊಟ್ಟೆ ಉರಿಸೋ ವಿಷಯ, ಯಾಕೆಂದರೆ ಅದು ನಮ್ಮದೇ ಲಿಪಿ. ಈ ಥೀಮುಗಳನ್ನೆಲ್ಲ ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿರುತ್ತಾರೆ. ಶೀರ್ಷಿಕೆಗೆ ಲೈನ್-ಹೈಟ್ (ಸಾಲಿನ ಎತ್ತರ) ಅಕ್ಷರದ ಗಾತ್ರದ 1 ಅಥವಾ 1.1 ಪಟ್ಟು ಇಟ್ಟಿರುತ್ತಾರೆ, ಅಂದ ಕಾಣಲಿ ಅಂತ ಹೊರಗೆ ಚಾಚಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಬೇರೆ ಹಾಕಿರುತ್ತಾರೆ. ಕನ್ನಡದಲ್ಲಿ ಒತ್ತು ಅಕ್ಷರದ ಕೆಳಗೆ ಇಳಿಯುತ್ತದೆ. ಓವರ್‌ಫ್ಲೋ ಹಿಡನ್ ಇದ್ದರೆ ಅಲ್ಲೇ ಕತ್ತರಿ, ಇಲ್ಲದಿದ್ದರೆ ಕೆಳಗಿನ ಸಾಲಿನ ತಲೆಕಟ್ಟು ಗುಡಿಸುಗಳಿಗೆ ಹೋಗಿ ಢಿಕ್ಕಿ. ಶೀರ್ಷಿಕೆಗೆ 1.5, ಓದುವ ಪಠ್ಯಕ್ಕೆ 1.7ರ ಆಸುಪಾಸು ಕೊಟ್ಟರೆ ಉಸಿರಾಡುವಷ್ಟು ಜಾಗ ಸಿಗುತ್ತದೆ. ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಸೊನ್ನೆ ಮಾಡಬೇಕು. ಇಂಗ್ಲಿಷಿನಲ್ಲಿ ಗತ್ತಾಗಿ ಕಾಣೋ 2 ಪಿಕ್ಸೆಲ್ ಅಂತರ ಕನ್ನಡದ ಪದವನ್ನು ಬಿಡಿಬಿಡಿ ಅಕ್ಷರ ಮಾಡಿ ಒಡೆದುಹಾಕುತ್ತದೆ. ಪುಟದ ಭಾಷೆ ಕನ್ನಡ ಅಂತ, ಪುಟದ ರಚನೆ ಬರೆಯುವ ಎಚ್‌ಟಿಎಂಎಲ್‌ನ ಮೊದಲ ಟ್ಯಾಗಿನಲ್ಲೇ (ಗುರುತುಪದದಲ್ಲೇ) ಘೋಷಿಸಬೇಕು. ಇಲ್ಲದಿದ್ದರೆ ಕಣ್ಣು ಕಾಣದವರ ಫೋನಿನ ಓದುಗ ತಂತ್ರಾಂಶ ಅದನ್ನು ಇಂಗ್ಲಿಷ್ ಅಂದುಕೊಂಡು ತಡವರಿಸುತ್ತದೆ.

ನಮ್ಮೂರಲ್ಲಿ ಕೆಲಸ ಮಾಡೋರಿಗೆ ಇನ್ನೊಂದು ಗಂಡಾಂತರ ಕಾದಿರುತ್ತದೆ. ಅಂಗಡಿಯವರು, ಮದುವೆ ಮಂಟಪದವರು, ಸೊಸೈಟಿಯವರು ಕೊಡುವ ಕನ್ನಡ ಪಠ್ಯ ಬಹಳಷ್ಟು ಸಲ ಡಿಟಿಪಿ ಸೆಂಟರಿನಿಂದ ಬಂದಿರುತ್ತದೆ, ಹಳೆಯ ನುಡಿ ಫಾಂಟಿನಲ್ಲಿ. ಅದನ್ನು ಹಾಗೇ ಪುಟಕ್ಕೆ ಅಂಟಿಸಿದರೆ ರೋಮನ್ ಅಕ್ಷರಗಳ ಗೋಜಲು ಕಾಣುತ್ತದೆ. ಎಲ್ಲ ಲಿಪಿಗೂ ಒಂದೇ ಆದ ಅಕ್ಷರಸಂಕೇತ ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಬೇಕು, ಜಾಸ್ತಿ ಎಡವೋದು ಅಲ್ಲೇ. ಸುದ್ದಿ ಪಟ್ಟಿಯಲ್ಲಿ ಮೊದಲ 50 ಅಕ್ಷರ ತೋರಿಸಿ ಮೂರು ಚುಕ್ಕಿ ಹಾಕುವ ಕೋಡು ಇರುತ್ತದಲ್ಲ, ಅದೂ ಕನ್ನಡದಲ್ಲಿ ಕೈಕೊಡುತ್ತದೆ. 'ಸ್ತ್ರೀ' ನಮಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು 6 ಸಂಕೇತ, ಅದನ್ನು ಫೈಲಿನಲ್ಲಿ ಉಳಿಸಿಡುವ ಯುಟಿಎಫ್-8 ರೂಪದಲ್ಲಿ 18 ಬೈಟ್. ನಡುವೆ ಕತ್ತರಿಸಿದರೆ ಅಕ್ಷರ ಮುರಿಯುತ್ತದೆ, ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರ ಬಂದು ಕೂರುತ್ತದೆ. ದಾವಣಗೆರೆ, ಚಿತ್ರದುರ್ಗದಲ್ಲಿ ವೆಬ್ ಡಿಸೈನ್ ಕಲಿಸುವ ಜಾಗದಲ್ಲಿ ಇದು ಮೊದಲ ತಿಂಗಳ ಪಾಠ ಆಗಬೇಕಿತ್ತು.

ಇನ್ನು ದರಪಟ್ಟಿಯ ಫೋಟೊ. ಫೋನ್ ಕ್ಯಾಮೆರಾದ ಚಿತ್ರ 4000 ಪಿಕ್ಸೆಲ್ ಅಗಲ, 4 ಎಂಬಿ ತೂಕ ಇರೋದು ಸಾಮಾನ್ಯ. ಫೋನ್ ಪುಟಕ್ಕೆ 800 ಪಿಕ್ಸೆಲ್ ಅಗಲ ಸಾಕು. ವೆಬ್‌ಪಿ ಅನ್ನೋ ಹಗುರ ಚಿತ್ರರೂಪಕ್ಕೆ ಬದಲಿಸಿದರೆ 100 ಕೆಬಿ ಆಸುಪಾಸಿಗೆ ಇಳಿಯುತ್ತದೆ. ಅಗಲ ಎತ್ತರ ಎರಡನ್ನೂ ಟ್ಯಾಗಿನಲ್ಲಿ ಬರೆಯಬೇಕು, ಇಲ್ಲದಿದ್ದರೆ ಚಿತ್ರ ತಡವಾಗಿ ಬಂದಾಗ ಪುಟ ದಡಕ್ಕನೆ ಕೆಳಗೆ ಜಿಗಿದು, ಒತ್ತಬೇಕಾದ್ದು ಬಿಟ್ಟು ಇನ್ನೊಂದನ್ನು ಒತ್ತಿರುತ್ತೀರಿ. ಲೇಜಿ ಲೋಡಿಂಗ್ (ಚಿತ್ರ ಪರದೆಯ ಹತ್ತಿರ ಬಂದಾಗಲೇ ಇಳಿಸೋದು) ಒಳ್ಳೆಯದೇ, ಆದರೆ ಪುಟದ ಮೊದಲ ದೊಡ್ಡ ಚಿತ್ರಕ್ಕೆ ಹಾಕಬಾರದು, ಅದೇ ತಡವಾಗುತ್ತದೆ. ಆ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅಂತ ಗೂಗಲ್‌ನ ಮಾನದಂಡ. ಆದರೆ ದರಪಟ್ಟಿ ಫೋಟೊ ಆಗಲೇಬಾರದು. ಖಾಲಿ ದೋಸೆಯ ದರ ಐದು ರೂಪಾಯಿ ಏರಿದರೆ ಮತ್ತೆ ಫೋಟೊ ತೆಗೆಯಬೇಕಾ? ಅದು ಟೇಬಲ್ ಆಗಿರಬೇಕು. ಆಗ ಹುಡುಕಿದರೆ ಸಿಗುತ್ತದೆ, ದೊಡ್ಡದು ಮಾಡಿದರೂ ಮಸುಕಾಗೋದಿಲ್ಲ, ಕಣ್ಣು ಕಾಣದವರಿಗೂ ಓದಿ ಹೇಳುತ್ತದೆ.

ಇಲ್ಲಿ ಒಬ್ಬರು ಬಂದು ಹೇಳ್ತಾರೆ ಅಂತ ಗೊತ್ತು: "ಜಗತ್ತಿನ ಶೇ 40ಕ್ಕೂ ಹೆಚ್ಚು ವೆಬ್‌ಸೈಟ್ ವರ್ಡ್‌ಪ್ರೆಸ್ ಮೇಲೆ ನಡೀತಿವೆ, ಅದನ್ನು ಕಲಿಸಿದರೆ ತಪ್ಪೇನು?" ಕೋಡ್ ಬರೆಯದೆಯೂ ಸೈಟ್ ಕಟ್ಟಬಹುದಾದ ತಂತ್ರಾಂಶ ಈ ವರ್ಡ್‌ಪ್ರೆಸ್, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪ್ಲಗಿನ್ (ಅದಕ್ಕೆ ಸೇರಿಸುವ ಹೆಚ್ಚುವರಿ ತುಣುಕು) ಅಪ್‌ಡೇಟ್ ಆಗಿ ಮರುದಿನ ಬೆಳಗ್ಗೆ ಸೈಟ್ ಬಿಳಿ ಹಾಳೆ ಆದಾಗ, ಪ್ಲಗಿನ್‌ಗಳನ್ನು ಒಂದೊಂದಾಗಿ ಬಂದ್ ಮಾಡಿ ಯಾವುದು ಮೂಲ ಅಂತ ಹಿಡಿಯೋಕೆ ಬರಬೇಕು, ಅದಕ್ಕೂ ಮೊದಲು ಬ್ಯಾಕಪ್ ತೆಗೆದಿಟ್ಟಿರಬೇಕು. ಅದನ್ನೂ ಕಲಿಸಿದರೆ ಸರಿ, ಕಲಿಸೋದಿಲ್ಲವಲ್ಲ. "ಈಗ ಎಐ ಎಲ್ಲ ಬರೆದುಕೊಡುತ್ತೆ" ಅನ್ನೋರೂ ಇದ್ದಾರೆ. ಬರೆದುಕೊಡುತ್ತೆ, ನಿಜ. ಬರೆದದ್ದು 360 ಪಿಕ್ಸೆಲ್‌ನಲ್ಲಿ ನಿಲ್ಲುತ್ತಾ, ಒತ್ತಕ್ಷರ ಉಳಿಯುತ್ತಾ ಅಂತ ನೋಡಿ ತಿದ್ದೋರು ಯಾರು? ಕೆಟ್ಟಾಗ ಏನು ಕೆಟ್ಟಿದೆ ಅಂತ ಅದಕ್ಕೆ ವಿವರಿಸಿ ಹೇಳೋಕಾದರೂ ಪೆಟ್ಟಿಗೆಯೊಳಗೆ ಏನಿದೆ ಅಂತ ಗೊತ್ತಿರಬೇಕು.

ಹಾಗಾದರೆ ಎಷ್ಟು ದಿನ ಬೇಕು? ದಿನಕ್ಕೆ ಎರಡು ಮೂರು ಗಂಟೆ ಕೂತರೆ ಆರು ತಿಂಗಳು. ಅದಕ್ಕಿಂತ ಕಡಿಮೆ ಹೇಳೋರನ್ನು ನಾನು ನಂಬೋದಿಲ್ಲ. 8 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು, ಕೋಡ್ ಬರೆಯುವ ತಂತ್ರಾಂಶ ವಿಎಸ್ ಕೋಡ್ ಪುಕ್ಕಟೆ. ಮೊದಲ ಮೂರು ವಾರ ಬರೀ ಎಚ್‌ಟಿಎಂಎಲ್. ನೂರಕ್ಕೂ ಹೆಚ್ಚು ಟ್ಯಾಗುಗಳಿವೆ, ದಿನಬಳಕೆಗೆ ಬೇಕಾದವು ಮೂವತ್ತರೊಳಗೆ. ಬೇರೆ ಪುಟಕ್ಕೆ ಹೋಗೋದಾದರೆ ಲಿಂಕ್, ಇದ್ದಲ್ಲೇ ಕೆಲಸ ಮಾಡೋದಾದರೆ ಬಟನ್, ಎರಡಕ್ಕೂ ಡಿವ್ ಅನ್ನೋ ಬರೀ ಡಬ್ಬಿಯ ಟ್ಯಾಗ್ ಬಳಸಿದರೆ ಕೀಬೋರ್ಡಿನವರಿಗೆ ದಾರಿ ಬಂದ್. ಫೋನ್ ನಂಬರ್ ತುಂಬುವ ಜಾಗಕ್ಕೆ ಟೆಲ್ ಅಂತ ಟೈಪ್ ಕೊಟ್ಟರೆ ಅಂಕಿಯ ಕೀಲಿಮಣೆ ತಾನೇ ತೆರೆಯುತ್ತದೆ. ಪರದೆಯ ಅಗಲಕ್ಕೆ ಹೊಂದಿಕೋ ಅಂತ ಹೇಳುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಮರೆತರೆ ಫೋನು ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲದ್ದು ಅಂತ ತಿಳಿದು ಇರುವೆ ಗಾತ್ರಕ್ಕೆ ಕುಗ್ಗಿಸುತ್ತದೆ.

ಆಮೇಲೆ ಎರಡೂವರೆ ತಿಂಗಳು ಸಿಎಸ್‌ಎಸ್. ಹುಡುಗರು ಬಿಟ್ಟು ಓಡೋದು ಇಲ್ಲೇ, ಅದಕ್ಕೇ ಇಲ್ಲಿ ಮೇಷ್ಟ್ರು ಜೊತೆಗಿರಬೇಕು. ಡಬ್ಬಿಯ ಅಳತೆಯ ಬಾಕ್ಸ್ ಮಾಡೆಲ್, ಡಬ್ಬಿಗಳನ್ನು ಜೋಡಿಸುವ ಫ್ಲೆಕ್ಸ್‌ಬಾಕ್ಸ್, ಗ್ರಿಡ್. ಒಂದು ನಿಯಮದ ಮೇಲೆ ಇನ್ನೊಂದು ಯಾಕೆ ಗೆಲ್ಲುತ್ತದೆ ಅನ್ನೋ ಲೆಕ್ಕ ತಿಳಿಯದಿದ್ದರೆ ಎಲ್ಲದಕ್ಕೂ ಇದೇ ಗೆಲ್ಲಲಿ ಅನ್ನೋ 'ಇಂಪಾರ್ಟೆಂಟ್' ಗುರುತು ಹಾಕುತ್ತಾ ಹೋಗಿ, ಕೊನೆಗೆ ಯಾವುದೂ ಬದಲಾಗದ ಸ್ಥಿತಿಗೆ ಬರುತ್ತಾರೆ. ಬಣ್ಣ ಕೂಡ ಕಣ್ಣಳತೆಯ ವಿಷಯ ಅಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕು. ಬಿಳಿಯ ಮೇಲೆ #767676 ಅನ್ನೋ ಸಂಕೇತದ ಬೂದು ಬಣ್ಣ ಗಡಿ ದಾಟುತ್ತದೆ, ಅದಕ್ಕಿಂತ ತಿಳಿಯಾದ ಬೂದು ದಾಟೋದಿಲ್ಲ. ಬಿಸಿಲಲ್ಲಿ ನಿಂತು ಫೋನ್ ನೋಡೋರಿಗೆ ಈ ಅಂಕಿಯ ಬೆಲೆ ಗೊತ್ತಾಗುತ್ತದೆ.

ಮುಂದಿನ ಎರಡು ತಿಂಗಳು ಪುಟಕ್ಕೆ ಚಲನೆ ಕೊಡುವ ಜಾವಾಸ್ಕ್ರಿಪ್ಟ್, ಫ್ರೇಮ್‌ವರ್ಕ್ (ಸಿದ್ಧ ಕೋಡಿನ ಚೌಕಟ್ಟು) ಮುಟ್ಟದೆ. ಮೆನು ತೆರೆಯೋದು, ಫಾರ್ಮ್ ತಪಾಸಣೆ, ಸರ್ವರಿನಿಂದ ಮಾಹಿತಿ ತರೋದು. ಆರ್ಡರ್ ಗುಂಡಿಯನ್ನು ಗಿರಾಕಿ ಎರಡು ಸಲ ಒತ್ತಿದರೆ ಎರಡು ಆರ್ಡರ್ ಹೋಗುತ್ತದೆ. ಮೊದಲ ಒತ್ತಿಗೇ ಗುಂಡಿಯನ್ನು ನಿಷ್ಕ್ರಿಯ ಮಾಡೋದು, ಸರ್ವರಿನಲ್ಲೂ ತಡೆಯೋದು ಕಲಿಯಬೇಕು. ಉಳಿದ ದಿನಗಳಲ್ಲಿ ವಿನ್ಯಾಸ ಬಿಡಿಸುವ ಫಿಗ್ಮಾ, ಕೋಡಿನ ಬದಲಾವಣೆ ಕಾಪಿಡುವ ಗಿಟ್, ಸೈಟನ್ನು ಸರ್ವರಿನಲ್ಲಿಡುವ ಹೋಸ್ಟಿಂಗ್. ವಿಂಡೋಸಿನಲ್ಲಿ ಸರಿಯಾಗಿ ಕಾಣುತ್ತಿದ್ದ ಚಿತ್ರ ಸರ್ವರಿಗೆ ಏರಿಸಿದ ಮೇಲೆ ಮಾಯವಾದರೆ ಮೊದಲು ಫೈಲಿನ ಹೆಸರು ನೋಡಿ. ಲಿನಕ್ಸ್ ಸರ್ವರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಡೊಮೇನ್ (ಸೈಟಿನ ವಿಳಾಸದ ಹೆಸರು) ಯಾವಾಗಲೂ ಅಂಗಡಿಯವರ ಹೆಸರಲ್ಲಿ, ಅವರ ಇಮೇಲಿನಲ್ಲಿ ನೋಂದಣಿ ಆಗಬೇಕು. ತಮ್ಮ ಹೆಸರಿನಲ್ಲಿಟ್ಟುಕೊಂಡು ಆಮೇಲೆ ಹಣಕ್ಕೆ ಹಿಡಿದು ಕೂರೋರನ್ನು ನಾನು ಡಿಸೈನರ್ ಅನ್ನೋದಿಲ್ಲ.

ಪೋಸ್ಟರಿನ ಪ್ರಕಾರ ಸೋಮವಾರ ಹೊಸ ಬ್ಯಾಚ್. ಮಕ್ಕಳನ್ನು ಸೇರಿಸೋಕೆ ಹೊರಟ ಅಪ್ಪ ಅಮ್ಮಂದಿರೇ, ಹರಿಹರದಿಂದ, ಜಗಳೂರಿನಿಂದ, ಹೊಳಲ್ಕೆರೆಯಿಂದ ಬಸ್ಸು ಹತ್ತಿ ಬರುವ ಹುಡುಗ ಹುಡುಗಿಯರೇ, ದುಡ್ಡು ಎಣಿಸುವ ಮುಂಚೆ ಅವರದೇ ಸಂಸ್ಥೆಯ ವೆಬ್‌ಸೈಟನ್ನು ಅವರ ಕಂಪ್ಯೂಟರಿನಲ್ಲೇ ತೆರೆಸಿ. ಬ್ರೌಸರಿನ ಪರೀಕ್ಷಾ ಸಲಕರಣೆ ತೆರೆಯುವ ಎಫ್12 ಕೀಲಿ ಒತ್ತಿಸಿ, ಅಲ್ಲಿ ಅಗಲವನ್ನು 360ಕ್ಕೆ ಇಳಿಸಿ, ನೆಟ್ ವೇಗವನ್ನು ನಿಧಾನದ 4ಜಿಗೆ ಇಟ್ಟು ಮತ್ತೆ ಲೋಡ್ ಮಾಡಿಸಿ. ಮೌಸ್ ಪಕ್ಕಕ್ಕಿಟ್ಟು ಬರೀ ಟ್ಯಾಬ್ ಕೀಲಿಯಿಂದ ಅಡ್ಮಿಷನ್ ಫಾರ್ಮ್ ತುಂಬಿ ತೋರಿಸಿ ಅನ್ನಿ. ಎಲ್ಲಾದರೂ ಪುಟ ಓಲಾಡಿದರೆ, ಯಾಕೆ ಅಂತ ಕೇಳಿ. ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತು ಹುಡುಕೋಕೆ ಶುರುಮಾಡಿದರೆ ಅಲ್ಲಿ ಸೇರಿಸಿ. "ಥೀಮಲ್ಲೇ ಹಂಗೆ ಬರುತ್ತೆ" ಅಂದರೆ ಫೀಸಿನ ದುಡ್ಡು ಜೇಬಿನಲ್ಲೇ ಇರಲಿ, ವಾಪಸ್ ಬನ್ನಿ.