ಟೋಲೂ ಇಲ್ಲ, ಗೇಟೂ ಇಲ್ಲ

ಹಲಸೂರು ಗೇಟ್ ಎಲ್ಲಿ ಅಂತ ಬೆಂಗಳೂರಿಗೆ ಹೊಸಬರು ಕೇಳಿದರೆ ಜನ ಕೈ ತೋರಿಸುವುದು ಕಾರ್ಪೊರೇಷನ್ ಕಡೆಗೆ. ಹಲಸೂರು ಇರುವುದು ಕಿಲೋಮೀಟರುಗಟ್ಟಲೆ ದೂರದಲ್ಲಿ, ಕೆರೆಯ ಪಕ್ಕ. ಪೇಟೆಗೆ ಮಣ್ಣಿನ ಕೋಟೆ ಇದ್ದ ಕಾಲದ ಲೆಕ್ಕ ಅದು. ಬಾಗಿಲಿನಿಂದ ಹೊರಟ ದಾರಿ ಯಾವ ಊರಿಗೆ ಹೋಗುತ್ತದೋ ಬಾಗಿಲಿಗೂ ಅದೇ ಹೆಸರು. ಯಲಹಂಕ, ಆನೇಕಲ್, ಕೆಂಗೇರಿ ಬಾಗಿಲುಗಳೂ ಹಾಗೆಯೇ. 1791ರ ಮಾರ್ಚಿನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಪೇಟೆಗೆ ನುಗ್ಗಿದ್ದು ಈ ಹಲಸೂರು ಬಾಗಿಲಿನಿಂದ. ಈಗ ಬಾಗಿಲೂ ಇಲ್ಲ, ಆ ಮಣ್ಣಿನ ಗೋಡೆಯೂ ಇಲ್ಲ. ಹೆಸರು ಮಾತ್ರ ಪೊಲೀಸ್ ಠಾಣೆಯ ಬೋರ್ಡಿನ ಮೇಲೆ ಗಟ್ಟಿಯಾಗಿ ಕೂತಿದೆ.

ಮಾಗಡಿ ರಸ್ತೆಯ ಟೋಲ್‌ಗೇಟಿನಲ್ಲಿ ಟೋಲೂ ಇಲ್ಲ, ಗೇಟೂ ಇಲ್ಲ. ಅದೇ ರಸ್ತೆಯಲ್ಲಿ ಮುಂದೆ ಸುಂಕದಕಟ್ಟೆ. ಅಲ್ಲೂ ಸುಂಕದವರಿಲ್ಲ, ಟ್ರಾಫಿಕ್ ಇದೆ. ತುಮಕೂರಿನ ಕಡೆ ಹೋದರೆ ಹೆದ್ದಾರಿಯಿಂದ ಹಳ್ಳಿಗೆ ರಸ್ತೆ ತಿರುಗುವ ಜಾಗಕ್ಕೇ ಗೇಟ್ ಅನ್ನುತ್ತಾರೆ. ಅಡ್ಡಗಟ್ಟಲು ಒಂದು ಕಂಬಿಯೂ ಇರುವುದಿಲ್ಲ. ಒಂದು ಟೀ ಅಂಗಡಿ, ನಾಲ್ಕು ಬೈಕು, ಬಸ್ಸಿಗೆ ಕಾಯುವ ಜನ. ಇಂಥ ಗೇಟುಗಳ ಮೇಲೆ ನನಗೆ ಬಹಳ ಪ್ರೀತಿ. ಯಾರನ್ನೂ ತಡೆಯುವುದಿಲ್ಲ ನೋಡಿ.

ನಿಜವಾಗಿ ಕಾವಲಿದ್ದ ಗೇಟುಗಳಿಗೆ ಬೇಕಾಗಿದ್ದದ್ದು ದುಡ್ಡು. ಅವೂ ಈಗ ಮೆತ್ತಗಾಗಿವೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ತೆರಿಗೆ ಇಲಾಖೆಯ ಚೆಕ್‌ಪೋಸ್ಟುಗಳು ಎದ್ದುಹೋದವು. 2021ರ ಫೆಬ್ರವರಿಯಿಂದ ಹೆದ್ದಾರಿ ಟೋಲಿನಲ್ಲಿ ಫಾಸ್ಟ್ಯಾಗ್ ಕಡ್ಡಾಯ. ಚಿಲ್ಲರೆ ಜಗಳ ಮುಗಿಯಿತು. ಕಂಬಿ ತಾನೇ ಮೇಲೇಳುತ್ತದೆ.

ಹೆದ್ದಾರಿಯಲ್ಲಿ ಇಷ್ಟು ಸಲೀಸು. ಸ್ನೇಹಿತರ ಅಪಾರ್ಟ್‌ಮೆಂಟಿಗೆ ಹೋಗಿ ನೋಡಿ. ಹೆಸರು, ಫೋನ್ ನಂಬರು, ಯಾರ ಮನೆ, ಯಾಕೆ ಬಂದಿರಿ. ಯಾಕೆ ಬಂದಿರಿ ಅಂದರೆ ಏನು ಬರೆಯೋದು? ಕಾಫಿಗೆ ಅಂತ ಬರೆಯಲು ಸಂಕೋಚ. ಎಲ್ಲರ ಹಾಗೆ ‘ಪರ್ಸನಲ್’ ಅಂತ ಗೀಚುತ್ತೇನೆ. ಹಳೇ ಕಾಲದ ಸುಂಕದವನು ಮೂಟೆ ಬಿಚ್ಚಿಸುತ್ತಿದ್ದ, ಇಲ್ಲಿ ಫೋನ್ ನಂಬರು ಕೊಟ್ಟರೆ ಸಾಕು. ಮೇಲಿನಿಂದ ಒಪ್ಪಿಗೆ ಬರುವ ತನಕ ಪಕ್ಕಕ್ಕೆ ನಿಲ್ಲಬೇಕು. ಸ್ನೇಹಿತ ಸ್ನಾನಕ್ಕೆ ಹೋಗಿದ್ದರೆ ಮುಗೀತು.

ಸೆಕ್ಯೂರಿಟಿಯವರನ್ನು ಬೈದು ಪ್ರಯೋಜನವಿಲ್ಲ. ದಿನಕ್ಕೆ ಹನ್ನೆರಡು ಗಂಟೆ ನಿಲ್ಲುವ ಮನುಷ್ಯ, ನಿಯಮ ಮಾಡಿದ್ದು ಅವನಲ್ಲ. ಆ ನಿಯಮ ಕಾರಿಗೊಂದು, ಕಾಲಿಗೊಂದು. ಸ್ಟಿಕ್ಕರ್ ಅಂಟಿಸಿದ ಕಾರು ಬಂದರೆ ಸಲ್ಯೂಟು. ದಿನಾ ಬೆಳಿಗ್ಗೆ ಬರುವ ಮನೆಕೆಲಸದಾಕೆಯ ಕೈಚೀಲವನ್ನು ಮಾತ್ರ ದಿನಾ ಸಂಜೆ ತೆಗೆಸಿ ನೋಡುತ್ತಾರೆ. ಅದರಲ್ಲಿ ಏನಿರುತ್ತದೆ? ಖಾಲಿ ಟಿಫನ್ ಡಬ್ಬಿ, ಇಲ್ಲವೇ ಅದೇ ಮನೆಯವರು ಕೊಟ್ಟ ಹಳೇ ಸೀರೆ. ಸೀರೆಗೆ ಚೀಟಿ ಇಲ್ಲದಿದ್ದರೆ ಮನೆಯವರಿಗೆ ಫೋನು. ಊಟ ತರುವ ಹುಡುಗನಂತೂ ಹಿಂದಿನ ಗೇಟಿಗೆ ಸುತ್ತಿಕೊಂಡು ಹೋಗಬೇಕು. ಅಷ್ಟರಲ್ಲಿ ದೋಸೆ ತಣ್ಣಗಾಗುತ್ತದೆ, ಮೇಲಿಂದ ಅವನಿಗೇ ಬೈಗುಳ, ಸಾಲದ್ದಕ್ಕೆ ಒಂದೇ ಸ್ಟಾರು.

ಇತ್ತೀಚೆಗೆ ಮಾಮೂಲಿ ಲೇಔಟುಗಳಿಗೂ ಈ ಗೀಳು ಹತ್ತಿದೆ. ಎಲ್ಲರೂ ಓಡಾಡುವ ರಸ್ತೆಗೆ ಅಡ್ಡಲಾಗಿ ಗೇಟು ನೆಟ್ಟು ರಾತ್ರಿ ಹತ್ತಕ್ಕೆ ಬೀಗ. ‘ನಮ್ಮ ರಸ್ತೆ ಸಾರ್’ ಅನ್ನುತ್ತಾರೆ. ಆ ನಮ್ಮ ರಸ್ತೆಯಲ್ಲಿ ಗುಂಡಿ ಬಿದ್ದರೆ ಮಾತ್ರ ಅದು ಕಾರ್ಪೊರೇಷನ್ ರಸ್ತೆ.